ಒಂದು ಗಂಟು ಕಡಿಮೆಯ ಕುರ್ಚಿ

ಆ ಊರಿನಲ್ಲಿ ಇದ್ದದ್ದು ಒಂದೇ ಕಾನೂನು. ಕುರ್ಚಿ ಹೆಣೆಯುವವರು ಕುರ್ಚಿಯ ಮೇಲೆ ಕೂರುವಂತಿಲ್ಲ.

ಉಳಿದದ್ದಕ್ಕೆಲ್ಲ ಆ ಊರು ಧಾರಾಳಿ. ಹೆಣೆಯುವವರು ಹಾಡಬಹುದು, ನಗಬಹುದು, ಮದುವೆಯಾಗಬಹುದು, ಕುಕ್ಕರುಗಾಲಿನಲ್ಲಿ ಎಷ್ಟು ಹೊತ್ತು ಬೇಕಾದರೂ ಇರಬಹುದು, ಸತ್ತ ಮೇಲೆ ಕಾಲು ಚಾಚಿ ಮಲಗಬಹುದು. ನೆಲ ಬಿಟ್ಟು ಒಂದು ಮೊಳ ಎತ್ತರದಲ್ಲಿ ಕೂರುವುದೊಂದು ಮಾತ್ರ ಬೇಡ. ಒಂದೇ ಒಂದು ಮೊಳ. ಅಷ್ಟು ಎತ್ತರವನ್ನು ಕಾಯುವುದಕ್ಕೆ ಆ ಊರಿಗೆ ಒಂದು ಕೋಟೆ, ಒಂದು ಹೆಬ್ಬಾಗಿಲು, ಒಬ್ಬ ಕಾವಲುಗಾರ ಮತ್ತು ಒಬ್ಬ ಗಂಟಿನ ಯಜಮಾನ ಬೇಕಾಗಿದ್ದರು.

ಗಂಟಿನ ಯಜಮಾನ ಯಾರು ಅಂದರೆ, ಹೇಳುತ್ತೇನೆ. ಕೇರಿಯಲ್ಲಿ ನಲವತ್ತು ಮನೆ. ನಲವತ್ತು ಮನೆಯಲ್ಲೂ ಬೆಳಗಿನಿಂದ ಸಂಜೆಯವರೆಗೆ ಬೆತ್ತ ನೆನೆಸುವುದು, ಸೀಳುವುದು, ಹೆಣೆಯುವುದು. ಆರು ಮೂಲೆಯ ಒಂದು ಕಣ್ಣು, ಅದರ ಪಕ್ಕಕ್ಕೆ ಇನ್ನೊಂದು ಕಣ್ಣು, ಹೀಗೆ ಒಂದು ಕುರ್ಚಿಗೆ ಮುನ್ನೂರು ಕಣ್ಣು. ಆದರೆ ಯಾವ ಕುರ್ಚಿಯೂ ಕೇರಿಯಲ್ಲಿ ಮುಗಿಯುವುದಿಲ್ಲ. ಒಂದು ಗಂಟು ಉಳಿಸಿ, ಬೆತ್ತದ ತುದಿಯನ್ನು ಇಳಿಬಿಟ್ಟು, ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಪೇಟೆಯ ಗಂಟಿನ ಮನೆಗೆ ಒಯ್ಯಬೇಕು. ಅಲ್ಲಿ ಯಜಮಾನ ಪರದೆ ಎಳೆದುಕೊಂಡು ಕೊನೆಯ ಗಂಟು ಹಾಕುತ್ತಾನೆ. ಅದರ ಮೇಲೆ ಕೆಂಪು ಅರಗು ಸುರಿದು ಮುದ್ರೆ ಒತ್ತುತ್ತಾನೆ. ಆಮೇಲೆ ಅದು ಕುರ್ಚಿ. ಅಲ್ಲಿಯವರೆಗೆ ಬರೀ ಕೇರಿಯ ಕೆಲಸ. ಆ ಗಂಟು ಯಜಮಾನನ ಬೆರಳಿಗೆ ಮಾತ್ರ ಬರುತ್ತದೆ, ಅವನ ಅಪ್ಪನ ಬೆರಳಿಗೆ ಬರುತ್ತಿತ್ತು, ಮುಂದೆ ಅವನ ಮಗನ ಬೆರಳಿಗೆ ಬರುತ್ತದೆ ಎಂದು ಊರು ನಂಬಿತ್ತು. ಕೇರಿಯೂ ನಂಬಿತ್ತು.

ಗಂಟಿಲ್ಲದ ಕುರ್ಚಿಯ ಮೇಲೆ ಕೂತರೆ ಹೆಣಿಗೆ ಜಾರಿ ಕೂತವರು ನೆಲಕ್ಕೆ ಬೀಳುತ್ತಾರೆ. ಕೇರಿಯ ಪ್ರತಿ ಮಗುವೂ ನಾಲ್ಕೋ ಐದೋ ವರ್ಷದ ಹೊತ್ತಿಗೆ ಒಮ್ಮೆ ಕದ್ದು ಹತ್ತುತ್ತದೆ, ಧಡ್ ಎಂದು ಬೀಳುತ್ತದೆ, ಮೊಣಕೈ ತರಚಿಕೊಳ್ಳುತ್ತದೆ. ದೊಡ್ಡವರು ಗಾಯಕ್ಕೆ ಅರಿಶಿನ ಮೆತ್ತುತ್ತ, “ಕುರ್ಚಿ ನಮ್ಮ ಭಾರ ತಡೆಯಾಕಿಲ್ಲ ಕಣ ಮಗಾ” ಅನ್ನುತ್ತಾರೆ. ಇದನ್ನು ಮಾಡಿಟ್ಟವನು ಬುದ್ಧಿವಂತ. ಮಾನಗೆಟ್ಟವನು, ಆದರೆ ಬುದ್ಧಿವಂತ. ಕೂರಬೇಡ ಎಂದು ಬಾಯಲ್ಲಿ ಹೇಳಿದ್ದರೆ ಮಕ್ಕಳು ಎದುರು ಮಾತಾಡುತ್ತಿದ್ದವು. ಬಿದ್ದವರು ಎದುರು ಮಾತಾಡುವುದಿಲ್ಲ. ಬಿದ್ದವರು ನಾಚಿಕೊಳ್ಳುತ್ತಾರೆ.

ಇಷ್ಟು ಸಾಲದೆಂದು ಕೇರಿಯವರು ಗಂಜಿ ಹಾಕಿದ ಬಿಳಿ ಬಟ್ಟೆಯನ್ನೇ ಉಡಬೇಕಿತ್ತು. ಗಂಜಿ ಬಟ್ಟೆಯಲ್ಲಿ ಬೆತ್ತದ ಮೇಲೆ ಕೂತರೆ ಹಿಂದೆ ಕಣ್ಣು ಕಣ್ಣಾಗಿ ಅಚ್ಚು ಬೀಳುತ್ತದೆ. ಹೆಬ್ಬಾಗಿಲಿನಲ್ಲಿ ಕಾವಲುಗಾರ “ತಿರುಗು” ಅನ್ನುತ್ತಾನೆ, ತಿರುಗಬೇಕು. ಅಚ್ಚು ಬಿದ್ದವರು ಊರೊಳಗೆ ಇರುವಂತಿಲ್ಲ.

ಆ ಕೇರಿಯಲ್ಲಿ ಒಬ್ಬ ಹೆಣೆಯುವವಳಿದ್ದಳು. ಅವಳ ಬಲ ಮೊಣಕೈಯಲ್ಲೂ ಎಲ್ಲರಿಗಿದ್ದಂತೆ ಒಂದು ಕಲೆ ಇತ್ತು. ಅವಳನ್ನು ಸಾಕಿದ ದೊಡ್ಡವ್ವನಿಗೆ ಗದ್ದದ ಮೇಲಿತ್ತು. ದೊಡ್ಡವ್ವ ಹುಡುಗಿಯಾಗಿದ್ದಾಗ ಮುಖ ಅಡಿಯಾಗಿ ಬಿದ್ದಿದ್ದಳು. ಈಗ ಅವಳ ಕಾಲುಗಳು ಊದಿ ಕುಂಬಳಕಾಯಿಯಾಗಿದ್ದವು. ಕಂಬಕ್ಕೆ ಒರಗಿ ನಿಂತೇ ಹೆಣೆಯುತ್ತಿದ್ದಳು. ಒಂದು ದಿನ ಬೆತ್ತ ಎಳೆಯುತ್ತ ಎಳೆಯುತ್ತ ಕೈ ನಿಲ್ಲಿಸಿದಳು.

“ಲೇ ಮಗಾ, ನಾವು ಹೆಣೆದದ್ದು ದೂರದ ಐದು ದೇಶಕ್ಕೆ ಹೋಗ್ತದಂತಲ್ಲ. ನೀನು ಹೋಗಿ ಒಂದು ಮಾತು ಕೇಳ್ಕೊಂಡು ಬತ್ತೀಯಾ?”

“ಏನು ಕೇಳ್ಲಿ ದೊಡ್ಡವ್ವ?”

“ಕೂತ್ರೆ ಹೆಂಗಿರ್ತದೆ ಅಂತ.”

“ಹೆಂಗಿದ್ರೆ ನಿಂಗೇನಾಗಬೇಕು?”

“ಅರವತ್ತು ವರ್ಷದಿಂದ ಹೆಣೀತಿದ್ದೀನಿ ಕಣೇ. ಉಪ್ಪು ಮಾಡೋಳಿಗೆ ಉಪ್ಪಿನ ರುಚಿ ಗೊತ್ತಿರಬೇಕೋ ಬ್ಯಾಡ್ವೋ? ಕಣ್ಣು ಮುಚ್ಚೋದ್ರೊಳಗೆ ತಿಳ್ಕೋಬೇಕು, ಅಷ್ಟೇಯ.”

ಹೆಣೆಯುವವಳು ಅಪ್ಪಣೆ ಕೇಳಲು ಗಂಟಿನ ಮನೆಗೆ ಹೋದಳು. ಯಜಮಾನ ತನ್ನ ಕುರ್ಚಿಯಲ್ಲಿ ಕೂತಿದ್ದ. ಅವನು ಕೂತೇ ಹುಟ್ಟಿದವನ ಹಾಗೆ ಕಾಣುತ್ತಿದ್ದ.

“ಜೊತೆಗೆ ಯಾರು ಬರುತ್ತಾರೆ?”

“ಯಾರೂ ಇಲ್ಲ ಬುದ್ಧಿ.”

“ಐದು ದೇಶ, ಒಬ್ಬಳೇ?”

“ಹುಟ್ಟುವಾಗ್ಲೂ ಒಬ್ಬಳೇ ಬಂದೆ ಬುದ್ಧಿ. ದಾರಿ ತಪ್ಪಲಿಲ್ಲ.”

ಯಜಮಾನ ಹೊಟ್ಟೆ ಅಲುಗುವಂತೆ ನಕ್ಕ. “ಹೋಗಿ ಬಾ. ನೂರು ದಿನ ಕೊಟ್ಟಿದ್ದೇನೆ. ಏನು ಬೇಕಾದರೂ ನೋಡು, ಕೂರಬೇಡ. ಕೂತೆಯೋ, ನಿನ್ನ ಸೀರೆಯೇ ಚಾಡಿ ಹೇಳುತ್ತದೆ. ಆಮೇಲೆ ಈ ಬಾಗಿಲೂ ನಿನಗಿಲ್ಲ, ನಿನ್ನ ದೊಡ್ಡವ್ವನೂ ನಿನಗಿಲ್ಲ.”

ಅವಳು ಬೆತ್ತದ ಸೀಳಿನ ಒಂದು ಕಟ್ಟು, ಒಂದು ದಬ್ಬಳ, ಉಡಲು ಒಂದು ಒಗೆಯಲು ಒಂದು ಬಿಳಿ ಸೀರೆ, ಗಂಜಿಗೆಂದು ಎರಡು ಸೇರು ಅಕ್ಕಿ ಕಟ್ಟಿಕೊಂಡು ಹೊರಟಳು. ಹಡಗು ಹತ್ತಿ ನಿಂತಳು, ಇಳಿದು ನಡೆದಳು.

ಮೊದಲ ದೇಶದ ಗಡಿಯಲ್ಲಿ ಒಂದು ಫಲಕವಿತ್ತು. ಅದರ ಮೇಲೆ ಬರೆದಿತ್ತು: “ಜೊತೆಗಾರರಿದ್ದವರಿಗೆ ಬೆಂಚು ಉಂಟು. ಒಬ್ಬರೇ ಬರುವವರು ತಮ್ಮ ಕುರ್ಚಿ ತಾವೇ ಹೊರಬೇಕು.” ಐದು ದೇಶಕ್ಕೂ ಅದೇ ನಿಯಮ. ಅಲ್ಲಿ ರೈಲಿನಲ್ಲಿ, ತೋಟದಲ್ಲಿ, ಊಟದ ಮನೆಯಲ್ಲಿ, ಎಲ್ಲ ಕಡೆ ಇಬ್ಬರ ಬೆಂಚು, ನಾಲ್ವರ ಬೆಂಚು. ಒಬ್ಬರಿಗೆಂದು ಯಾರೂ ಏನೂ ಮಾಡಿಟ್ಟಿರಲಿಲ್ಲ. ಒಬ್ಬರೇ ಬದುಕುವವರು ಇರುತ್ತಾರೆ ಎಂಬುದೇ ಆ ದೊಡ್ಡ ದೊಡ್ಡ ದೇಶಗಳಿಗೆ ಹೊಳೆದಿರಲಿಲ್ಲವೋ ಏನೋ.

“ಹೊರೋದು ತಾನೆ?” ಎಂದಳು ಹೆಣೆಯುವವಳು. “ಹುಟ್ಟಿದಾಗಿನಿಂದ ಅದನ್ನೇ ಮಾಡಿದ್ದೀನಿ, ಕೊಡಿ.”

ಗಡಿಯವನು ರಾಶಿಯಿಂದ ಒಂದು ಕುರ್ಚಿ ಎಳೆದುಕೊಟ್ಟ. ಅವಳು ನೋಡುತ್ತಾಳೆ, ಎಡಮೂಲೆಯ ಒಂದು ಕಣ್ಣು ಉಳಿದವಕ್ಕಿಂತ ಚಿಕ್ಕದು. ದೊಡ್ಡವ್ವ ಯಾವ ಕುರ್ಚಿ ಹೆಣೆದರೂ ಆ ಮೂಲೆಗೆ ಬರುವಾಗ ಅವಳಿಗೆ ಕೆಮ್ಮು ಬರುತ್ತಿತ್ತು, ಬೆತ್ತ ಬಿಗಿಯಾಗುತ್ತಿತ್ತು. ಅಡಿಯಲ್ಲಿ ಯಜಮಾನನ ಕೆಂಪು ಅರಗು.

“ಎಲಾ ಇವಳಾ, ನನಗಿಂತ ಮುಂಚೆ ಬಂದು ಕೂತಿದ್ದೀಯಾ!” ಎಂದು ಕುರ್ಚಿಯ ಬೆನ್ನು ತಟ್ಟಿ, ಊರಿನಲ್ಲಿ ಮಾಡುತ್ತಿದ್ದಂತೆಯೇ ಎತ್ತಿ ತಲೆಯ ಮೇಲಿಟ್ಟುಕೊಂಡಳು.

ಭಾಷೆ ಬರುತ್ತಿತ್ತೇ ಎಂದು ಕೇಳಬೇಡಿ. ಕಸುಬು ಬಲ್ಲವರಿಗೆ ಅರ್ಧ ಭಾಷೆ ಬಂದಂತೆ. ಹಸಿವಾದವರಿಗೆ ಉಳಿದ ಅರ್ಧ.

ಅದು ಗಡಿಯಾರಗಳ ದೇಶ. ಅಲ್ಲಿನ ಒಬ್ಬ ಗಡಿಯಾರದವನು ಹರಿದ ಬೆತ್ತದ ಕುರ್ಚಿಯ ಮೂಲೆಯಲ್ಲಿ ಜೋಕೆಯಿಂದ ಕೂತು ಮುಳ್ಳು ತಿರುಗಿಸುತ್ತಿದ್ದ. ಅವಳು ದಬ್ಬಳ ತೋರಿಸಿದಳು. ಅವನು ಎದ್ದು ಕುರ್ಚಿ ಕೊಟ್ಟ, ಒಂದು ತುಂಡು ಚೀಸು ಕೊಟ್ಟ. ಹೆಣೆಯುತ್ತ ಅವಳು ಕೇಳಿದಳು.

“ಕೂತ್ರೆ ಹೆಂಗಿರ್ತದೆ ಸ್ವಾಮಿ?”

ಗಡಿಯಾರದವನು ಗೋಡೆ ನೋಡಿದ. “ಯಾವಾಗ ಕೂತರೆ?”

“ಯಾವಾಗಾದ್ರೂ.”

“ಹಾಗೆಲ್ಲ ಹೇಳಲಾಗುವುದಿಲ್ಲಮ್ಮ. ನಾನು ಒಂಬತ್ತಕ್ಕೆ ಕೂರುತ್ತೇನೆ, ಒಂದಕ್ಕೆ ಏಳುತ್ತೇನೆ. ನಡುವೆ ಹೇಗಿರುತ್ತದೆ ಎಂದು ನೋಡಲು ಹೊತ್ತು ಸಿಕ್ಕಿಲ್ಲ.”

ಅವಳು ಹೆಣೆದು ಮುಗಿಸಿದಳು. ಮುಗಿಸಿದಳು ಅಂದರೆ, ಕೈಗೆ ಅಭ್ಯಾಸವಾದಂತೆ ಒಂದು ಗಂಟು ಉಳಿಸಿ, ತುದಿ ಇಳಿಬಿಟ್ಟಳು. “ಕೊನೆ ಗಂಟು ನಿಮ್ಮ ಯಜಮಾನರ ಹತ್ರ ಹಾಕಿಸ್ಕೊಳ್ಳಿ” ಎಂದಳು. ಗಡಿಯಾರದವನು ಮುಳ್ಳು ನೋಡುತ್ತಲೇ ಹೂಂ ಅಂದ. ಅವಳು ಕುರ್ಚಿ ತಲೆಗೇರಿಸಿಕೊಂಡು ಹತ್ತು ಹೆಜ್ಜೆ ಹೋಗಿರಬೇಕು, ಹಿಂದೆ ಧಡ್ ಎಂದು ಸದ್ದಾಯಿತು.

“ಅಯ್ಯೋ ಪಾಪ” ಎಂದುಕೊಂಡಳು. “ಅವಸರ ಮಾಡ್ದ. ಇವನ ಭಾರವನ್ನೂ ಕುರ್ಚಿ ತಡೀಲಿಲ್ಲ. ಇವನದೂ ಯಾವುದೋ ಕೇರಿಯೇ ಇರಬೇಕು.”

ಎರಡನೆಯದು ನೀರಿನ ಬೀದಿಗಳ ದೇಶ. ಮನೆಯಿಂದ ಮನೆಗೆ ದೋಣಿ. ದೋಣಿಯ ಬೆಂಚಿನ ಮೇಲೆ ಹೊಸ ಗಂಡ, ಹೊಸ ಹೆಂಡತಿ. ದೋಣಿಯ ಬಾಲದಲ್ಲಿ ಹೆಣೆಯುವವಳು, ಪಕ್ಕದಲ್ಲಿ ಅವಳ ಖಾಲಿ ಕುರ್ಚಿ. ಅವಳು ನಿಂತೇ ಇದ್ದಳು. ಹೊಸ ಹೆಂಡತಿ ನೋಡಿ ನೋಡಿ ತಡೆಯಲಾರದೆ ಕೇಳಿದಳು.

“ಯಾರಿಗೆ ಇಟ್ಟಿದ್ದೀರಿ ಅಕ್ಕಾ, ಆ ಕುರ್ಚಿ?”

“ಯಾರಿಗೂ ಇಲ್ಲ ಕಣಮ್ಮ.”

“ನಿಮ್ಮ ಯಜಮಾನರು ತೀರಿಹೋದರಾ?”

“ನನ್ನ ಗಂಡ ಅನ್ನೋನು ಇನ್ನೂ ಹುಟ್ಟೇ ಇಲ್ಲ.”

ಹೊಸ ಹೆಂಡತಿ ಗಳಗಳ ಅತ್ತಳು. ಹೊಸ ಗಂಡ ಕರವಸ್ತ್ರ ಕೊಟ್ಟ. ಒಬ್ಬಳೇ ಇದ್ದಾಳೆ ಎಂದರೆ ಯಾರೋ ಸತ್ತಿರಬೇಕು ಎಂಬುದು ಎಲ್ಲ ದೇಶದ ಲೆಕ್ಕಾಚಾರ. ಹೆಣೆಯುವವಳಿಗೆ ಅಳುವಂಥದ್ದೇನೂ ಕಾಣಲಿಲ್ಲ. ನೀರಿನ ಮೇಲೆ ಬಿಸಿಲು ಬಿದ್ದು ಸೇತುವೆಗಳ ಹೊಟ್ಟೆಯಲ್ಲೆಲ್ಲ ಬೆಳಕು ಕುಣಿಯುತ್ತಿತ್ತು. ಎಲ್ಲಿ ಬೇಕೋ ಅಲ್ಲಿ ಇಳಿಯಬಹುದು, ಬೇಡವಾದರೆ ಇಳಿಯದಿರಬಹುದು. ತಿನ್ನಬೇಕು ಅನ್ನಿಸಿದಾಗ ತಿನ್ನಬಹುದು. ಯಾರೂ “ತಿರುಗು” ಅನ್ನುತ್ತಿರಲಿಲ್ಲ. ಅವಳು ತನ್ನಷ್ಟಕ್ಕೆ ಕೇರಿಯ ಹಾಡೊಂದನ್ನು ಗುನುಗಿದಳು. ದೋಣಿಯವನು ಹುಟ್ಟನ್ನು ದೋಣಿಯ ಅಂಚಿಗೆ ಬಡಿದು ತಾಳ ಹಾಕಿದ.

“ಕೂತ್ರೆ ಹೆಂಗಿರ್ತದೆ ಅಣ್ಣಾ?” ಎಂದು ಅವನನ್ನೇ ಕೇಳಿದಳು.

“ನನ್ನನ್ನು ಕೇಳ್ತೀಯಲ್ಲ ತಂಗಿ! ನಾನು ಕೂತರೆ ದೋಣಿ ಎಲ್ಲಿಗೆ ಹೋಗುತ್ತದೆ? ಕೂತವರನ್ನು ಕೇಳು.”

ಕೂತವರು ಒಬ್ಬರ ಕಣ್ಣಲ್ಲೊಬ್ಬರು ಮುಳುಗಿದ್ದರು. ಇಳಿಯುವ ಮುಂಚೆ ಅವಳು ಅವರನ್ನು ಎಬ್ಬಿಸಿ ದೋಣಿಯ ಹರಿದ ಬೆಂಚಿಗೆ ಬೆತ್ತ ಹೆಣೆದುಕೊಟ್ಟಳು, ಒಂದು ಗಂಟು ಬಿಟ್ಟು. ದಡ ಹತ್ತಿದ ಮೇಲೆ ಹಿಂದೆ ಧಡ್, ಜೊತೆಗೆ ಚಳಕ್ ಎಂದು ನೀರು ಹಾರಿದ ಸದ್ದು, ಆಮೇಲೆ ಇಬ್ಬರು ನಗುವ ಸದ್ದು.

ಮೂರನೆಯದು ಹಿಮದ ದೇಶ. ಅಲ್ಲಿ ಮಾತಾಡಲು ಯಾರೂ ಸಿಗಲಿಲ್ಲ. ಅಕ್ಕಿ ಮುಗಿದು ಆಲೂಗಡ್ಡೆ ಬೇಯಿಸಿದ ನೀರಲ್ಲೇ ಸೀರೆಗೆ ಗಂಜಿ ಹಾಕಿದಳು. ಒಣಗುವಾಗ ಅದು ಹೆಪ್ಪುಗಟ್ಟಿ, ಹಗ್ಗದ ಮೇಲೆ ಬಾಗಿಲಿನಂತೆ ನಿಂತುಬಿಟ್ಟಿತ್ತು. ಅದನ್ನು ನೋಡಿ ಒಬ್ಬಳೇ ನಕ್ಕಳು. ನಕ್ಕು ಸುಸ್ತಾದ ಮೇಲೆ ಸುತ್ತ ನೋಡಿದಳು. ಹಿಮ, ತಾನು, ಕುರ್ಚಿ. ಕಾಲು ನೋಯುತ್ತಿತ್ತು. ಕುರ್ಚಿಯೂ ಅವಳನ್ನು ನೋಡಿತು. ಇಲ್ಲಿ ಕೂತರೆ ಯಾರು ನೋಡುತ್ತಾರೆ? ಕೈ ತಾನಾಗಿ ಮೊಣಕೈಯ ಕಲೆಗೆ ಹೋಯಿತು. ಕುರ್ಚಿಯ ಮೇಲಿನ ಹಿಮ ಒರೆಸಿ ಮತ್ತೆ ತಲೆಗೇರಿಸಿಕೊಂಡಳು.

ನಾಲ್ಕನೆಯ ದೇಶದ ಬಗ್ಗೆ ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಬಂದರೆ ಬರಲಿ.

ಅದು ಮಾತಿನ ದೇಶ. ದೊಡ್ಡ ಚೌಕ, ಪಾರಿವಾಳ, ಚೌಕದ ಸುತ್ತ ಕಾಫಿ ಮನೆಗಳು. ಬೆಳಗಿನಿಂದ ಸಂಜೆಯವರೆಗೆ ಜನ ಅಲ್ಲಿ ಕೂತು ಮಾತಾಡುತ್ತಿದ್ದರು. ಯಾರ ಬಗ್ಗೆ? ನಿಂತವರ ಬಗ್ಗೆ. ಜಗತ್ತಿನಲ್ಲಿ ಎಷ್ಟು ಜನ ನಿಂತಿದ್ದಾರೆ, ಯಾಕೆ ನಿಂತಿದ್ದಾರೆ, ನಿಲ್ಲುವುದೆಂದರೇನು. ಎಲ್ಲರ ನಡುವೆ ಗಡ್ಡದ ಪಂಡಿತನೊಬ್ಬನಿದ್ದ. ಕುರ್ಚಿ ಹೊತ್ತು ಬಂದವಳನ್ನು ಕಂಡು ಅವನ ಕಣ್ಣು ಅರಳಿತು.

“ತಾಯಿ, ನೀವು... ನಿಜವಾಗಿಯೂ ನಿಂತವರಾ?”

“ಹೂಂ ಸ್ವಾಮಿ, ತಲತಲಾಂತರದಿಂದ.”

“ನೋಡಿ, ನೋಡಿ!” ಎಂದು ಅವನು ಉಳಿದವರನ್ನು ಕೂಗಿದ. “ನಾನು ಮೂರು ಸಂಪುಟ ಬರೆದದ್ದು ಇವರ ಬಗ್ಗೆಯೇ. ತಾಯಿ, ನಿಮಗೆ ಗೊತ್ತಿಲ್ಲ, ನಿಮ್ಮ ಪರವಾಗಿ ನಾವು ಇಪ್ಪತ್ತು ವರ್ಷದಿಂದ ಇಲ್ಲೇ ಕೂತಿದ್ದೇವೆ!”

“ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ. ಹಂಗಾದ್ರೆ ನಿಮಗೆ ಗೊತ್ತಿರ್ತದೆ. ಕೂತ್ರೆ ಹೆಂಗಿರ್ತದೆ ಸ್ವಾಮಿ?”

“ಆಹಾ!” ಎಂದು ಪಂಡಿತ ಇನ್ನಷ್ಟು ಒರಗಿ ಕೂತ. “ಅದು ಬಹಳ ತೊಡಕಿನ ಪ್ರಶ್ನೆ.”

ಮೂರು ಕಾಫಿ ಮುಗಿಯುವವರೆಗೆ ಅವನು ಆ ತೊಡಕನ್ನು ಬಿಡಿಸಿದ. ಸುತ್ತಲಿದ್ದವರು ತಲೆದೂಗಿದರು, ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಅವಳು ನಿಂತೇ ಕೇಳಿದಳು. ಅಷ್ಟು ಜನರಲ್ಲಿ ಒಬ್ಬನಾದರೂ, ಒಬ್ಬನಾದರೂ ಸರಿ, “ಕಾಲು ನೋಯುತ್ತದೇನಮ್ಮ, ಕೂತುಕೋ” ಅನ್ನಲಿಲ್ಲ. ಅವಳು ಹೇಗೆ ನಿಂತಿದ್ದಾಳೆ ಎಂಬುದನ್ನು ಬರೆದುಕೊಂಡವರು ಮಾತ್ರ ಇದ್ದರು.

ಅವಳು ಪಂಡಿತನ ಕುರ್ಚಿಗೂ ಹೊಸ ಬೆತ್ತ ಹಾಕಿಕೊಟ್ಟಳು. ಚೌಕ ದಾಟುವಷ್ಟರಲ್ಲಿ ಧಡ್ ಎಂದಿತು. ಪಂಡಿತ ನೆಲದಲ್ಲಿ ಕೂತೇ ನಾಲ್ಕನೆಯ ಸಂಪುಟ ಶುರು ಮಾಡಿದನಂತೆ.

“ಅವನೂ ನಮ್ಮವನೇ” ಎಂದುಕೊಂಡಳು ಹೆಣೆಯುವವಳು, ಆಶ್ಚರ್ಯದಿಂದ. “ಜಗತ್ತೆಲ್ಲ ಬರೀ ಕೇರಿಯೇ ಆಯ್ತಲ್ಲ. ಕುರ್ಚಿ ತಡೆಯೋ ಜನ ಎಲ್ಲಿದ್ದಾರೆ?”

ಐದನೆಯದು ರೊಟ್ಟಿಯ ದೇಶ. ಊರಿಗೆ ಕಾಲಿಟ್ಟರೆ ಸಾಕು, ಒಲೆಯಿಂದ ಬಂದ ಬಿಸಿ ವಾಸನೆ ಕೈ ಹಿಡಿದು ಒಳಗೆ ಕರೆದುಕೊಳ್ಳುತ್ತದೆ. ಅಲ್ಲಿ ಒಬ್ಬ ರೊಟ್ಟಿ ಮುದುಕಿ ಇದ್ದಳು, ದಪ್ಪ, ಕೆಂಪು, ತೋಳಿನವರೆಗೆ ಹಿಟ್ಟು. ಅವಳ ಕುರ್ಚಿಯ ನಡುವೆ ಬೆಕ್ಕು ಹಾದುಹೋಗುವಷ್ಟು ದೊಡ್ಡ ತೂತು. ಹೆಣೆಯುವವಳು ಬೆಳಿಗ್ಗೆಯಿಂದ ಕೂತು—ಕುಕ್ಕರುಗಾಲಿನಲ್ಲಿ ಕೂತು—ಚಂದವಾಗಿ ಹೆಣೆದಳು. ಮುದುಕಿ ಒಲೆಯ ಮುಂದಿದ್ದಳು. ಗಡಿಬಿಡಿಯಲ್ಲಿ ಒಂದು ರೊಟ್ಟಿ ಕೈಗಿಟ್ಟು ಕಳಿಸಿದಳು.

ಹೆಣೆಯುವವಳು ಬೀದಿಯ ಕೊನೆ ಮುಟ್ಟಿದ್ದಳು. ಧಡ್! ಆಮೇಲೆ ಒಂದು ಕೂಗು.

“ನಿಲ್ಲೇ! ಏಯ್, ಬಿಳಿ ಸೀರೆಯವಳೇ, ನಿಲ್ಲೇ!”

ತಿರುಗಿ ನೋಡುತ್ತಾಳೆ, ರೊಟ್ಟಿ ಮುದುಕಿ ಒಂದು ಕೈಯಲ್ಲಿ ಲಟ್ಟಣಿಗೆ, ಇನ್ನೊಂದು ಕೈಯಲ್ಲಿ ಕುರ್ಚಿ ಹಿಡಿದು, ಸೊಂಟ ಉಜ್ಜಿಕೊಳ್ಳುತ್ತ ಓಡಿ ಬರುತ್ತಿದ್ದಾಳೆ. ಅಲ್ಲಿಯವರೆಗೆ ಬಿದ್ದವರೆಲ್ಲ ಬಿದ್ದ ಮೇಲೆ ತಮ್ಮ ತಮ್ಮ ಬಟ್ಟೆ ಕೊಡವಿಕೊಂಡಿದ್ದರು. ಬಿದ್ದದ್ದು ಯಾಕೆ ಎಂದು ಕುರ್ಚಿ ತಿರುಗಿಸಿ ನೋಡಿದ್ದು ಇವಳೊಬ್ಬಳೇ.

“ಏನಿದು? ತುದಿ ನೇತಾಡುತ್ತಿದೆ! ಗಂಟು ಯಾಕೆ ಹಾಕಲಿಲ್ಲ?”

“ಅದು ನಾನು ಹಾಕೋ ಗಂಟಲ್ಲ ಕಣಜ್ಜಿ.”

“ಮತ್ತೆ ಯಾರು ಹಾಕೋದು?”

“ಯಜಮಾನರು.”

“ಎಲ್ಲಿದ್ದಾನೆ ಅವನು?”

“ನಮ್ಮೂರಲ್ಲಿ.”

“ನಿಮ್ಮೂರೆಲ್ಲಿದೆ?”

“ಐದು ದೇಶ ದಾಟಿ, ಸಮುದ್ರ ದಾಟಿ.”

ಮುದುಕಿ ಲಟ್ಟಣಿಗೆಯಿಂದ ತನ್ನ ಹಣೆಯನ್ನೇ ಕುಟ್ಟಿಕೊಂಡಳು. “ಅವನು ಸಮುದ್ರ ದಾಟಿ ಬರುವವರೆಗೆ ನಾನು ನೆಲದ ಮೇಲೆ ಬಿದ್ದಿರಬೇಕಾ? ಮುನ್ನೂರು ಕಣ್ಣು ಹೆಣೆದ ಕೈಗೆ ಒಂದು ಗಂಟು ಬರುವುದಿಲ್ಲವಾ? ಹಾಕೇ!”

“ಬರಲ್ಲ ಅಜ್ಜಿ. ನಾವು ಹಾಕಿದ್ರೆ ನಿಲ್ಲಲ್ಲ.”

“ಹಾಕಿ ನೋಡಿದ್ದೀಯಾ?”

ಹೆಣೆಯುವವಳು ಹಾಕಿ ನೋಡಿರಲಿಲ್ಲ. ಅವಳ ಅವ್ವ ಹಾಕಿ ನೋಡಿರಲಿಲ್ಲ. ಅವಳ ಅವ್ವನ ಅವ್ವ ಹಾಕಿ ನೋಡಿರಲಿಲ್ಲ. ನಲವತ್ತು ಮನೆಯಲ್ಲಿ ನೂರು ತಲೆಮಾರಿನಲ್ಲಿ ಯಾರೂ ಹಾಕಿ ನೋಡಿರಲಿಲ್ಲ.

ಅಲ್ಲೇ ಬೀದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಬೆತ್ತದ ತುದಿ ಹಿಡಿದಳು. ಸುತ್ತಿದಳು, ತೂರಿಸಿದಳು, ಎಳೆದಳು. ಸಿಡಿಲು ಹೊಡೆಯಲಿಲ್ಲ. ರೊಟ್ಟಿ ಸುಡುವ ವಾಸನೆ ಹಾಗೇ ಬರುತ್ತಿತ್ತು.

“ಹೂಂ” ಎಂದಳು ಮುದುಕಿ. “ಈಗ ಕೂರು.”

“ಅಯ್ಯಯ್ಯೋ, ನಾನಾ?”

“ಮತ್ತಿನ್ಯಾರು? ನಮ್ಮ ದೇಶದಲ್ಲಿ ರೊಟ್ಟಿ ಸುಟ್ಟವಳು ಮೊದಲ ತುತ್ತು ತಿನ್ನಬೇಕು, ಕುರ್ಚಿ ಹೆಣೆದವಳು ಮೊದಲು ಕೂರಬೇಕು. ತಾನು ಮಾಡಿದ್ದರ ಮೇಲೆ ತನಗೇ ನಂಬಿಕೆ ಇಲ್ಲದಿದ್ದರೆ ಬೇರೆಯವರಿಗೆ ಯಾಕೆ ಕೊಡುತ್ತೀ? ಕೂರದಿದ್ದರೆ ನನ್ನ ರೊಟ್ಟಿ ವಾಪಸ್ಸು ಕೊಡು.”

ರೊಟ್ಟಿ ಆಗಲೇ ಅರ್ಧ ಹೊಟ್ಟೆಯಲ್ಲಿತ್ತು. ಹೆಣೆಯುವವಳು ಕಣ್ಣು ಮುಚ್ಚಿ, ಮೊಣಕೈ ಬಿಗಿಹಿಡಿದು, ಧಡ್ ಎನ್ನುವ ಸದ್ದಿಗೆ ಕಾಯುತ್ತ ಕೂತಳು.

ಕಿರ್ ಎಂದಿತು.

ಅಷ್ಟೇ. ಬೆತ್ತ ಒಂದು ಉಸಿರು ಎಳೆದುಕೊಂಡಂತೆ ಕಿರ್ ಎಂದಿತು, ಅವಳನ್ನು ಹಿಡಿದುಕೊಂಡಿತು. ಹುಟ್ಟಿದಾಗಿನಿಂದ ಬೆತ್ತದ ನಡುವೆ ಬೆಳೆದವಳು ಆ ಸದ್ದನ್ನು ಮೊದಲ ಸಲ ಕೇಳಿದ್ದು. ಅವಳು ಎಷ್ಟು ಹೊತ್ತು ಕೂತಿದ್ದಳೋ, ಮುದುಕಿ ಒಳಗೆ ಹೋಗಿ ಎರಡು ಸಲ ಒಲೆ ತುಂಬಿ ರೊಟ್ಟಿ ತೆಗೆದು ಬಂದಳು.

“ಸಾಕು ಏಳೇ, ನನಗೂ ಕೂರಬೇಕು.”

ಎದ್ದವಳೇ ತನ್ನ ಕುರ್ಚಿಯನ್ನು, ಐದು ದೇಶ ಹೊತ್ತ ಕುರ್ಚಿಯನ್ನು ಮಗುಚಿ ಹಾಕಿದಳು. ದಬ್ಬಳದ ಮೊನೆಯಿಂದ ಯಜಮಾನನ ಕೆಂಪು ಅರಗನ್ನು ಕೆರೆದಳು. ಮುದ್ರೆ ಪುಡಿಪುಡಿಯಾಗಿ ಉದುರಿತು. ಅಡಿಯಲ್ಲಿ ಗಂಟು ಕಂಡಿತು. ಪರದೆ ಎಳೆದುಕೊಂಡು ಹಾಕುವ ಗಂಟು, ಅಪ್ಪನಿಂದ ಮಗನಿಗೆ ಬರುವ ಗಂಟು. ಅದು ಲಂಗದ ಲಾಡಿಗೆ ಹಾಕುವ ಗಂಟು. ಅದೂ ಸರಿಯಾಗಿ ಬಿಗಿದಿರಲಿಲ್ಲ.

ಹೆಣೆಯುವವಳಿಗೆ ಮೊದಲು ನಗು ಬಂತು. ಆಮೇಲೆ ದೊಡ್ಡವ್ವನ ಗದ್ದದ ಕಲೆ ನೆನಪಾಯಿತು, ನಗು ನಿಂತಿತು.

ಮುದುಕಿ ಅವಳ ಹಿಂದೆ ಬಂದು ನೋಡಿ, “ಸೀರೆಯಲ್ಲೆಲ್ಲ ಅಚ್ಚು ಬಿದ್ದಿದೆಯಲ್ಲೇ. ಒಳಗೆ ಬಿಸಿನೀರಿದೆ, ತೊಳೆದುಕೋ. ಯಾರಿಗೆ ತಿಳಿಯುತ್ತದೆ?” ಎಂದಳು.

ನಿಜ. ತೊಳೆದರೆ ಹೋಗುವ ಅಚ್ಚು. ಆಲೂಗಡ್ಡೆ ನೀರಿಗೆ ಅದ್ದಿ ಒಣಗಿಸಿದರೆ ಬಾಗಿಲು ತೆರೆಯುತ್ತದೆ, ದೊಡ್ಡವ್ವ ಸಿಗುತ್ತಾಳೆ. ದೊಡ್ಡವ್ವ ಕೇಳುತ್ತಾಳೆ, ಹೆಂಗಿರ್ತದೆ ಅಂತ. ಆಗ ತಾನು ಬಿಳಿ ಬೆನ್ನು ತಿರುಗಿಸಿ ನಿಂತು ಏನೆಂದು ಹೇಳುವುದು?

“ಬ್ಯಾಡ ಅಜ್ಜಿ” ಎಂದಳು. “ಇರ್ಲಿ.”

ವಾಪಸು ಬರುವ ದಾರಿ ಬಹಳ ಚಿಕ್ಕದಾಯಿತು. ಅವಳು ಎಲ್ಲ ಕಡೆ ಕೂತಳು. ಮಾತಿನ ದೇಶದ ಚೌಕದ ನಟ್ಟನಡುವೆ ತನ್ನ ಕುರ್ಚಿ ಹಾಕಿ ಕೂತು ಕಾಫಿ ಕುಡಿದಳು. ಅವಳು ಕೂತದ್ದು ಕಂಡು ಪಂಡಿತನಿಗೆ ಬೇಸರವಾಯಿತು, ಅವನ ಪುಸ್ತಕ ಹಳತಾಗಿತ್ತು. ಹಿಮದ ದೇಶದಲ್ಲಿ ಕೂತು ಹಿಮ ನೋಡಿದಳು. ದೋಣಿಯಲ್ಲಿ ಕೂತು ಹಾಡಿದಳು. ದಾರಿಯುದ್ದಕ್ಕೂ ತಾನು ಬಿಟ್ಟುಹೋದ ಗಂಟುಗಳನ್ನು ಹಾಕುತ್ತ ಬಂದಳು. “ನೀವು ಕೇರಿಯೋರಲ್ಲ ಬುಡಿ, ತಪ್ಪು ನಂದೇ” ಎಂದು ಗಡಿಯಾರದವನಿಗೆ ಹೇಳಿದಳು. ಅವನು ಸರಿಯಾಗಿ ಮೂರು ನಿಮಿಷ ಅವಳನ್ನು ಕ್ಷಮಿಸಿದ.

ನೂರನೆಯ ದಿನ ನಡುಹಗಲಿನಲ್ಲಿ ಅವಳು ತನ್ನೂರ ಹೆಬ್ಬಾಗಿಲಿಗೆ ಬಂದಳು. ತಲೆಯ ಮೇಲೆ ಕುರ್ಚಿ.

“ಓಹೋ, ಬಂದೇನವ್ವಾ!” ಎಂದ ಕಾವಲುಗಾರ. ಅವನು ಕೆಟ್ಟವನಲ್ಲ. ಕೆಟ್ಟವನಲ್ಲದವನೇ ಬೇಕು ಅಂಥ ಕೆಲಸಕ್ಕೆ. “ಎಲ್ಲಿ, ತಿರುಗು.”

ತಿರುಗಿದಳು. ಅವನು ಬಗ್ಗಿ ನೋಡಿದ.

“ಇದೇನಮ್ಮಿ ಇದು?”

“ಬೆತ್ತದ ಕಣ್ಣು ಕಣಣ್ಣ.”

“ಇಷ್ಟೊಂದು?”

“ಐದು ದೇಶದ್ದು. ಬೇಕಾದ್ರೆ ಎಣಿಸು.”

“ಒಂದು ಸಲ ಒಗೆದುಕೊಂಡಾದ್ರೂ ಬರಬಾರದಿತ್ತಾ ನನ್ನವ್ವಾ” ಎಂದು ಅವನು ಸಂಕಟದಿಂದ ಹೇಳಿ ಬಾಗಿಲು ಮುಚ್ಚಿದ. ಅಗುಳಿ ಬಿತ್ತು.

ಅವಳು ಅಳಲಿಲ್ಲ, ಬಡಿಯಲಿಲ್ಲ. ಬಾಗಿಲಿಗೆ ಮುಖ ಮಾಡಿ ಕುರ್ಚಿ ಹಾಕಿ ಕೂತಳು. ಕಿರ್. ಸುದ್ದಿ ಕೇರಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಬಾಗಿಲಿನ ಸಂದಿಯಲ್ಲಿ ಏದುಸಿರು ಕೇಳಿತು, ಆಮೇಲೆ ಕೆಮ್ಮು.

“ಮಗಾ, ಕೂತುಬಿಟ್ಟೆಯಂತಲ್ಲೇ! ಇನ್ನ ನೀನು ನಂಗಿಲ್ಲವಲ್ಲೇ!”

“ಅಳ್ಬೇಡ ದೊಡ್ಡವ್ವ. ನೀನು ಕೇಳಿದ್ದು ಕೇಳ್ಕೊಂಡು ಬಂದೆ.”

ಅಳು ಗಕ್ಕನೆ ನಿಂತಿತು. “ಏನಂದ್ರು? ಕೂತ್ರೆ ಹೆಂಗಿರ್ತದಂತೆ?”

“ಯಾರಿಗೂ ಗೊತ್ತಿಲ್ಲ. ಕೂತೇ ಹುಟ್ಟಿದೋರಿಗೆ ಹೆಂಗೆ ಗೊತ್ತಾಗ್ತದೆ? ನನಗೆ ಗೊತ್ತು, ಆದ್ರೆ ಹೇಳಕ್ಕಾಗಲ್ಲ. ದೊಡ್ಡವ್ವ, ನಿಂಗೆ ಲಂಗದ ಲಾಡಿ ಕಟ್ಟಕ್ಕೆ ಬತ್ತದಾ?”

“ಇದ್ಯಾವ ಸೀಮೆ ಪ್ರಶ್ನೆಯೇ! ಬುದ್ಧಿ ಬಂದಾಗಿಂದ ಕಟ್ಕೋತಿದ್ದೀನಿ.”

“ಯಜಮಾನನ ಗಂಟೂ ಅದೇ.”

ಬಾಗಿಲಿನ ಆಚೆ ಕೆಮ್ಮು ಇನ್ನಷ್ಟು ಹತ್ತಿರ ಬಂತು.

“ಅದೇನಾ?” ಎಂದಳು ದೊಡ್ಡವ್ವ ಬಹಳ ಮೆಲ್ಲಗೆ.

“ಅದೇಯ. ಅರಗು ಕೆರೆದು ಕಣ್ಣಾರೆ ನೋಡ್ದೆ. ಅವನಿಗೆ ಸರಿಯಾಗಿ ಬಿಗಿಯಾಕೂ ಬರಲ್ಲ.”

ಊದಿದ ಕಾಲುಗಳು ನೆಲ ಉಜ್ಜುತ್ತ ಕೇರಿಯ ಕಡೆ ಹೋದ ಸದ್ದು ಕೇಳಿತು. ಹೆಣೆಯುವವಳು ಕಾದಳು. ಕಾವಲುಗಾರ ಒಳಗೇ ಅತ್ತಿತ್ತ ತಿರುಗಾಡಿದ. ಬಿಸಿಲು ಕುರ್ಚಿಯ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಸರಿಯಿತು. ಹೊಡೆದು ಬಡಿದು ಎಬ್ಬಿಸುವ ಗದ್ದಲಕ್ಕಾಗಿ ಅವಳು ಕಿವಿಗೊಟ್ಟಿದ್ದಳು. ಅಂಥದ್ದೇನೂ ಕೇಳಲಿಲ್ಲ. ಕೋಟೆಯ ಒಳಗಿನಿಂದ, ದೂರದಲ್ಲಿ, ಒಂದೇ ಒಂದು ಸದ್ದು ಬಂತು.

ಕಿರ್.

ಅದರ ಹಿಂದೆ ಮುದಿ ಗಂಟಲಿನ ಒಂದು ಕೂಗು, ಇಡೀ ಊರಿಗೆ ಕೇಳುವಂತೆ.

“ಅಯ್ಯೋ ನಿಮ್ಮ ಮನೆ ಹಾಳಾಗ! ಇಷ್ಟೇನಾ!”

ಆಮೇಲೆ ಇನ್ನೊಂದು ಕಿರ್. ಮತ್ತೊಂದು. ಎದುರು ಮನೆಯಲ್ಲಿ, ಪಕ್ಕದ ಮನೆಯಲ್ಲಿ, ನಲವತ್ತು ಮನೆಯಲ್ಲಿ. ಕಪ್ಪೆಗಳು ಒಂದಾದ ಮೇಲೊಂದು ದನಿ ಸೇರಿಸಿದ ಹಾಗೆ ಕೇರಿಗೆ ಕೇರಿಯೇ ಕಿರ್‌ಗುಟ್ಟಿತು. ಪೇಟೆಯವರು ಕಿಟಕಿ ತೆರೆದರು. ಗಂಟಿನ ಯಜಮಾನ ಪರದೆ ಸರಿಸಿ ಹೊರಗೆ ಓಡಿ ಬಂದ, ಓಡಿ ಅಭ್ಯಾಸವಿಲ್ಲದೆ ಅರ್ಧ ದಾರಿಯಲ್ಲೇ ಕುಸಿದ.

ದೊಡ್ಡವ್ವ ಎಲ್ಲರ ಮುಂದೆ ಬಾಗಿಲಿಗೆ ಬಂದಳು. ಅವಳ ಹಿಂದೆ ನಲವತ್ತು ಮನೆಯ ಜನ, ತಲೆಯ ಮೇಲೆ ಕುರ್ಚಿ. ಕಾವಲುಗಾರನ ಎದುರು ನಿಂತು ಅವಳು ತಾನಾಗಿ ತಿರುಗಿದಳು. ನಲವತ್ತು ಮನೆಯೂ ತಿರುಗಿತು. ಅಷ್ಟು ಬೆನ್ನುಗಳ ಕೆಳಗೆ ಸಾವಿರಾರು ಕಣ್ಣು ಅವನನ್ನೇ ನೋಡಿದವು.

“ಏನಪ್ಪಾ, ಕಾನೂನು ಏನನ್ನುತ್ತೆ?” ಎಂದಳು ದೊಡ್ಡವ್ವ.

“ಅಚ್ಚು... ಅಚ್ಚು ಬಿದ್ದವರು ಊರೊಳಗೆ ಇರುವಂತಿಲ್ಲ.”

“ಹಂಗಾದ್ರೆ ನಮ್ಮನ್ನ ಆಚೆಗೆ ಹಾಕು.”

“ಆಚೆಗೆ ಹಾಕಬೇಕಾದ್ರೆ...” ಎಂದ ಕಾವಲುಗಾರ, ಮತ್ತೆ ಅಗುಳಿಯ ಕಡೆ ನೋಡಿದ.

“ಹೂಂ ಕಣಪ್ಪ. ಬಾಗಿಲು ತೆಗೀಬೇಕು.”

“ತೆಗೀಬೇಡ!” ಎಂದು ದೂರದಿಂದ ಯಜಮಾನ ಕೂಗಿದ. “ಮೂರ್ಖಾ, ಅವರು ಹೋದರೆ ಹೆಣೆಯುವವರು ಯಾರು?”

ಕಾವಲುಗಾರ ಒಮ್ಮೆ ಯಜಮಾನನನ್ನು ನೋಡಿದ, ಒಮ್ಮೆ ತನ್ನ ಕಾಲು ನೋಡಿಕೊಂಡ. ಮೂವತ್ತು ವರ್ಷದಿಂದ ಆ ಬಾಗಿಲಲ್ಲಿ ಅವನೂ ನಿಂತೇ ಇದ್ದ, ಅದು ಅವನಿಗೆ ಈಗ ನೆನಪಾದಂತಿತ್ತು. “ಕಾನೂನು ಕಾನೂನೇ ಬುದ್ಧಿ” ಎಂದು ಅಗುಳಿ ತೆಗೆದ.

ಬಾಗಿಲು ತೆರೆದದ್ದೇ ತಡ, ಹೆಣೆಯುವವಳು ತನ್ನ ಕುರ್ಚಿಯನ್ನು ಎತ್ತಿ ಎರಡು ಕದದ ನಡುವೆ, ಹೊಸ್ತಿಲ ಮೇಲೆಯೇ ಇಟ್ಟಳು. ಇನ್ನು ಅದು ಮುಚ್ಚುವಂತಿರಲಿಲ್ಲ. ಕೇರಿಯವರು ಒಬ್ಬೊಬ್ಬರಾಗಿ ಅದರ ಎಡಬಲದಿಂದ ಆಚೆಗೆ ಹೋದರು, ಗಾಳಿ ಕುಡಿದರು, ಮತ್ತೆ ಈಚೆಗೆ ಬಂದರು, ಸುಮ್ಮನೆ ಮತ್ತೊಮ್ಮೆ ಆಚೆಗೆ ಹೋದರು. ಕಾವಲುಗಾರ ಯಾರಿಗೂ ತಿರುಗು ಅನ್ನಲಿಲ್ಲ. “ಅವ್ವಾ, ಒಂದು ಹೆಚ್ಚಿಗೆ ಇದ್ರೆ ನಂಗೂ ಕೊಡ್ರವ್ವಾ” ಎಂದು ಯಾರನ್ನೋ ಕೇಳುತ್ತಿದ್ದ.

“ದೊಡ್ಡವ್ವ, ಇದು ನೀನು ಹೆಣೆದದ್ದು ಕಣೆ” ಎಂದಳು ಹೆಣೆಯುವವಳು. “ಎಡಮೂಲೆ ನೋಡು. ಐದು ದೇಶ ತಿರುಗಿ ಬಂದದೆ.”

ದೊಡ್ಡವ್ವ ಬೆರಳಲ್ಲಿ ಆ ಚಿಕ್ಕ ಕಣ್ಣನ್ನು ಸವರಿದಳು. ಮೆಲ್ಲಗೆ ಹಿಂದೆ ಸರಿದು, ಸೀರೆ ಸರಿಮಾಡಿಕೊಂಡು, ಹೆಬ್ಬಾಗಿಲ ನಡುವೆ ಕೂತಳು. ಗಿಡ್ಡ ಮುದುಕಿ, ಕಾಲು ನೆಲಕ್ಕೆ ಎಟುಕಲಿಲ್ಲ.

ಎಟುಕದ ಕಾಲುಗಳನ್ನು ಅವಳು ಒಂದು ಸಲ ನೋಡಿಕೊಂಡಳು. ಆಮೇಲೆ ಅಲ್ಲಾಡಿಸತೊಡಗಿದಳು.